ಜಗಳೂರಿನ ಪುಣ್ಯ, ಕಾಲುವೆಯ ಪಾಪ

ಮೊನ್ನೆ ಹೊನ್ನಾಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿದು ಪಂಕ್ತಿ ಎದ್ದಿತು. ಎಲೆಗಳ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು ಪುಟ್ಟ ಪುಟ್ಟ ನೀರಿನ ಬಾಟ್ಲಿಗಳು. ಒಂದರಲ್ಲಿ ಅರ್ಧ, ಒಂದರಲ್ಲಿ ಮುಕ್ಕಾಲು, ಇನ್ನೊಂದರಲ್ಲಿ ಮುಚ್ಚಳ ತೆಗೆದು ಒಂದೇ ಗುಟುಕು ಕುಡಿದು ಬಿಟ್ಟದ್ದು. ಕಿಟಕಿಯಿಂದ ಬಿದ್ದ ಬಿಸಿಲು ಅವುಗಳೊಳಗೆ ಹೊಕ್ಕು ಮೇಜಿನ ಮೇಲೆ ಹಾಸಿದ ಬಿಳಿ ಕಾಗದದಲ್ಲಿ ಸಣ್ಣ ಸಣ್ಣ ಕೆರೆಗಳನ್ನು ಬಿಡಿಸಿತ್ತು. ನನಗೊಂದು ಕೆಟ್ಟ ಅಭ್ಯಾಸವಿದೆ. ಕೆಟ್ಟದ್ದು ಎನ್ನುವುದು ನನ್ನ ಮಗಳ ತೀರ್ಪು. ಅಂಥ ಬಾಟ್ಲಿ ಕಂಡರೆ ಕೈ ಸುಮ್ಮನಿರುವುದಿಲ್ಲ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಬಾಟ್ಲಿ ಎತ್ತಿಕೊಂಡು, ಛತ್ರದ ಬಾಗಿಲಲ್ಲಿದ್ದ ಕುಂಡದ ಗಿಡದ ಕಡೆ ಹೊರಟೆ. ಬುಡಕ್ಕೆ ಬಗ್ಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

“ಏನ್ರಕ್ಕ, ಎಂಜಲು ನೀರು ಗಿಡಕ್ಕೆ ಹಾಕ್ತೀರಲ್ಲ, ಪಾಪ ಬರಲ್ವೇನ್ರಿ?”

ತಿರುಗಿದೆ. ನನ್ನದೇ ವಯಸ್ಸಿನ ಹೆಂಗಸು, ನ್ಯಾಮತಿಯವರು, ವರನಿಗೆ ಸೋದರತ್ತೆಯಂತೆ. ಹಣೆಯ ಮೇಲೆ ದೊಡ್ಡ ಕುಂಕುಮ, ಮುಖದಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ನೀರು ಚೆಲ್ಲಿದರೆ ಪಾಪ ಎಂದು ನಾನು, ಗಿಡಕ್ಕೆ ಎಂಜಲು ಹಾಕಿದರೆ ಪಾಪ ಎಂದು ಅವರು. ಬಾಟ್ಲಿಯೊಳಗಿನ ನೀರು ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಬಾಯಿಯವರೆಗೆ ಬಂದು ನಿಂತಿತ್ತು. ನಾನೂ ನಿಂತೆ. ಹಾಗೆ ನಿಂತಾಗ ನಮ್ಮತ್ತೆ ನೆನಪಾದರು. ಬನ್ನಿ, ನೀವೂ ಸ್ವಲ್ಪ ಹೊತ್ತು ಇಲ್ಲೇ ನನ್ನ ಪಕ್ಕದಲ್ಲಿ ನಿಲ್ಲಿ. ಊಟ ಆಗಿದೆ, ಎಲೆ ಅಡಿಕೆ ಬರುವುದು ಹೇಗೂ ತಡ.

ನನ್ನ ತವರು ಚನ್ನಗಿರಿ ಸೀಮೆ. ಕೆರೆಬಿಳಚಿಯಿಂದ ಆಚೆಗೆ ಒಂದು ಹಳ್ಳಿ, ಸೂಳೆಕೆರೆಯ ನೀರಿನಲ್ಲಿ ಬೆಳೆದ ಊರು. ನಮ್ಮ ಮನೆಯ ಹಿತ್ತಲಿನ ಆಚೆಗೇ ಕಾಲುವೆ. ಕಣ್ಣು ಬಿಡುವ ಮೊದಲೇ ಕಿವಿಗೆ ನೀರಿನ ಸದ್ದು ಬೀಳುತ್ತಿತ್ತು. ಎಷ್ಟೋ ದಿನ ನಿದ್ದೆಯೇ ನೀರಿನ ಒಳಗೆ ನಡೆಯುತ್ತಿದೆಯೇನೋ ಅನ್ನಿಸುತ್ತಿತ್ತು. ನಮ್ಮಜ್ಜಿ ಬೆಳಗಾದರೆ ಅಂಗಳಕ್ಕೆ ಕೊಡಗಟ್ಟಲೆ ನೀರು ಎರಚುತ್ತಿದ್ದಳು. “ಹೆಣ್ಣುಮಕ್ಕಳ ಚೊಕ್ಕತನ ಅಂಗಳದಾಗೆ ಕಾಣ್ಬೇಕು ಕಣೇ. ಒಣಗಿದ ಅಂಗಳ ಅಂದ್ರೆ ಸೋಮಾರಿ ಮನೆ,” ಎನ್ನುತ್ತಿದ್ದಳು. ನನಗೆ ಮಾತು ಕಲಿಸಿದವಳೂ ಅವಳೇ, ನೀರು ಎರಚುವುದನ್ನು ಕಲಿಸಿದವಳೂ ಅವಳೇ. ಎರಡನ್ನೂ ಧಾರಾಳವಾಗಿ ಕಲಿಸಿದಳು.

ಆ ವಿದ್ಯೆಯನ್ನು ಹೊತ್ತುಕೊಂಡು ನಾನು ಬರದ ಸೀಮೆಯ ಜಗಳೂರಿಗೆ ಸೊಸೆಯಾಗಿ ಹೋದೆ. ಮೊದಲ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಒಳ್ಳೆಯ ಹೆಸರು ತೆಗೆದುಕೊಳ್ಳುವ ಆಸೆಯಿಂದ, ಹಿತ್ತಲಿನಲ್ಲಿದ್ದ ದೊಡ್ಡ ಹರವಿಯಿಂದ ನೀರು ಮೊಗೆದು ಮೊಗೆದು ಅಂಗಳಕ್ಕೆ ಎರಚಿದೆ. ಅಂಗಳದ ಕೆಂಪು ಮಣ್ಣು ಗಟಗಟನೆ ಕುಡಿಯಿತು. ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ತಿಪ್ಪಮ್ಮನವರು ನಿಂತಿದ್ದಾರೆ. ಎತ್ತರದ ಹೆಂಗಸು, ತೆಳ್ಳನೆಯ ಕತ್ತು, ಕೊಡ ಹೊತ್ತು ಹೊತ್ತು ನೆಟ್ಟಗಾದ ಬೆನ್ನು. ಖಾಲಿ ಹರವಿಯನ್ನು ನೋಡಿದರು, ಒದ್ದೆ ಅಂಗಳವನ್ನು ನೋಡಿದರು. ಬೈಯಲಿಲ್ಲ.

“ಮಗಳೇ,” ಎಂದರು, “ಅಂಗಳಕ್ಕೆ ಜಳಕ ಮಾಡ್ಸಿದಿ. ಒಳ್ಳೇದಾತು. ಈಗ ಮನ್ಯಾಗಿರೋರಿಗೆ ಜಳಕ ಮಾಡಾಕೆ ಎಲ್ಲಿಂದ ತರಾಣ?”

ಆ ಮನೆಯಲ್ಲಿ ನೀರಿಗೆ ಹಲವು ಜನ್ಮಗಳಿದ್ದವು. ಅಕ್ಕಿ ತೊಳೆದ ನೀರು ಎಮ್ಮೆಗೆ; ಮೈ ತೊಳೆದ ನೀರು ಬಟ್ಟೆಗೆ, ಬಟ್ಟೆಯದು ಬಚ್ಚಲ ಕಲ್ಲಿಗೆ; ಕೈ ತೊಳೆದದ್ದು ತೊಂಡೆ ಬಳ್ಳಿಗೆ. ಲೋಟದ ತಳದಲ್ಲಿ ಗುಟುಕು ಬಿಟ್ಟು ಎದ್ದರೆ ಅತ್ತೆಗೆ ಅನ್ನ ಬಿಟ್ಟು ಎದ್ದಷ್ಟೇ ಸಂಕಟ. ಆದರೆ ಜಿಪುಣಿ ಎಂದುಕೊಳ್ಳಬೇಡಿ. ಬೀದಿಯಲ್ಲಿ ಹೋಗುವ ಯಾರೇ ಬಾಯಾರಿ ಬಂದರೂ ಮೊದಲು ತುಂಬಿದ ಚೊಂಬು, ಆಮೇಲೆ ‘ಯಾವೂರು’ ಎಂಬ ಪ್ರಶ್ನೆ. “ಕುಡಿಯಾಕೆ ಕೇಳಿದೋರಿಗೆ ಇಲ್ಲ ಅನ್ನಬಾರದು. ಚೆಲ್ಲಾಕೆ ಕೇಳಿದೋರಿಗೆ ಐತೆ ಅನ್ನಬಾರದು.” ಇದು ಅವರ ಧರ್ಮಶಾಸ್ತ್ರ. ಇದಕ್ಕಿಂತ ದೊಡ್ಡದನ್ನು ಅವರು ಓದಿರಲಿಲ್ಲ, ಓದಲು ಬರುತ್ತಲೂ ಇರಲಿಲ್ಲ.

ನಾನು ಓದಿದ್ದೆ ನೋಡಿ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ತೆಗೆದುಕೊಂಡಿದ್ದೆ. ಉಳಿದ ಸೀಟುಗಳು ತುಂಬಿಹೋಗಿದ್ದವು ಎಂಬುದು ಅದರ ಹಿಂದಿನ ತತ್ತ್ವ. ಮುಂದೆ ಒಂದು ಶಾಲೆಯಲ್ಲಿ ಟೀಚರಾದೆ. ಯಾವ ಟೀಚರಿಗೆ ಕೆಲಸ ಕಡಿಮೆಯಿದೆಯೋ ಅವರ ತಲೆಗೆ ನೀತಿಪಾಠದ ಪಿರಿಯಡ್ ಕಟ್ಟುತ್ತಿದ್ದರು, ಅದು ನನಗೇ ಬಂತು. ಒಮ್ಮೆ ಶಾಲೆಯಲ್ಲಿ ಚರ್ಚಾಸ್ಪರ್ಧೆ: ‘ನೀತಿ ಎಂಬುದು ಊರಿನಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ.’ ಬದಲಾಗುತ್ತದೆ ಎಂದವಳು ಮಾತಾಡಿದಾಗ ಹೌದಲ್ಲ ಅನ್ನಿಸಿತು. ಸತ್ಯ ಎಲ್ಲ ಕಡೆಯೂ ಸತ್ಯವೇ ಎಂದವಳು ಮೇಜು ಗುದ್ದಿದಾಗ ಅದೂ ಹೌದಲ್ಲ ಅನ್ನಿಸಿತು. ಇಬ್ಬರಿಗೂ ಮೊದಲ ಬಹುಮಾನ ಕೊಟ್ಟು ಮನೆಗೆ ಬಂದೆ. ಹೆಡ್ ಮಾಸ್ತರು, “ಏನ್ರೀ ಟೀಚರ್, ನಿಮ್ಮ ತಕ್ಕಡಿಗೆ ಎರಡೂ ಕಡೆ ಒಂದೇ ತಟ್ಟೆನಾ?” ಎಂದು ನಕ್ಕರು. ಅವರಿಗೆ ಹೇಗೆ ಹೇಳಲಿ, ಈ ಚರ್ಚೆ ನಮ್ಮ ತವರುಮನೆಯ ಕಟ್ಟೆಯ ಮೇಲೆ ಬಹಳ ಹಿಂದೆಯೇ ನಡೆದಿತ್ತು, ಅಲ್ಲೂ ನನಗೆ ತೀರ್ಪು ಕೊಡಲು ಬಂದಿರಲಿಲ್ಲ ಎಂದು.

ಅದನ್ನೇ ಹೇಳಲು ಹೊರಟಿದ್ದು.

ಮೊದಲ ಹೆರಿಗೆಗೆ ತವರಿಗೆ ಹೋಗಿದ್ದೆ. ಬಾಣಂತನ ಮುಗಿಯುತ್ತ ಬಂದಾಗ ನನ್ನನ್ನೂ ಕೂಸನ್ನೂ ಕರೆದೊಯ್ಯಲು ಅತ್ತೆ ಬಂದರು. ಸಂಕ್ರಾಂತಿ ಕಳೆದಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು, ಬೇಸಿಗೆ ಬೆಳೆಗೆ ಊರೆಲ್ಲ ಭತ್ತದ ಸಸಿಮಡಿ ಮಾಡಿಕೊಂಡು ಕೂತಿತ್ತು. ಅತ್ತೆ ಮೊದಲ ದಿನ ಹಿತ್ತಲಿನ ಬಾಗಿಲಲ್ಲಿ ಕೂತು ಕಾಲುವೆಯನ್ನೇ ನೋಡಿದರು. ಕೊಟ್ಟ ಕಾಫಿ ಕೈಯಲ್ಲೇ ಆರಿಹೋಯಿತು. “ಇದು ಹಿಂಗೇ ಹರೀತೈತಾ? ಯಾರೂ ಹಿಡಿಯಲ್ವಾ?” ಎಂದು ನನ್ನನ್ನು ಕೇಳಿದರು, ದೇವಸ್ಥಾನದಲ್ಲಿ ಕೇಳುವ ದನಿಯಲ್ಲಿ. ಈಗಲೂ ನನ್ನ ಕನಸಿನಲ್ಲಿ ಎರಡು ಊರುಗಳೂ ಒಂದೇ ಊರಾಗಿ ಬರುತ್ತವೆ. ಜಗಳೂರಿನ ನಮ್ಮ ಮನೆಯ ಅಂಗಳ ಇಳಿದರೆ ಸೀದಾ ಸೂಳೆಕೆರೆ. ಕೆರೆಯ ಏರಿಯ ಮೇಲೆ ಅತ್ತೆ ಕೊಡ ಹೊತ್ತು ನಡೆಯುತ್ತಿರುತ್ತಾರೆ, ನಡೆದಷ್ಟೂ ಏರಿ ಮುಗಿಯುವುದಿಲ್ಲ.

ಎರಡನೆಯ ದಿನ ಬೆಳಗ್ಗೆ ಅವರು ಗದ್ದೆಯ ಕಡೆ ಅಡ್ಡಾಡಿ ಬರಲು ಹೋದರು. ಕಾಲುವೆಯಿಂದ ಗದ್ದೆಗಳ ಕಡೆ ಒಂದು ಕಿರುಗಾಲುವೆ ಕವಲೊಡೆಯುತ್ತದೆ. ಅದರ ಬಾಯಲ್ಲಿ ಒಂದು ತೂಬು, ತೂಬಿಗೊಂದು ಮರದ ಹಲಗೆ. ಹಲಗೆ ಎತ್ತಿದರೆ ನೀರು ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಹಲಗೆ ಎತ್ತಿತ್ತು. ನೀರು ಹರಿದು, ದಂಡೆ ಒಡೆದಲ್ಲಿ ಒಂದಷ್ಟು ಹಳ್ಳಕ್ಕೆ ಸುರಿಯುತ್ತ, ಕಬ್ಬಿನ ಗದ್ದೆಯ ಹಿಂದೆ ಮರೆಯಾಗುತ್ತಿತ್ತು. ಸುತ್ತ ನರಪಿಳ್ಳೆಯಿಲ್ಲ. ನಮ್ಮತ್ತೆಯ ಜಾಗದಲ್ಲಿ ನಿಂತು ನೋಡಿ: ಯಾರೋ ನಲ್ಲಿ ತಿರುಗಿಸುವುದನ್ನು ಮರೆತು ಹೋಗಿದ್ದಾರೆ. ಅವರು ನೀರಿಗಿಳಿದು ಹಲಗೆ ಒತ್ತಿದರು. ಸಂದಿಯಲ್ಲಿ ಸೋರುತ್ತಿತ್ತು. ಹಸಿ ಮಣ್ಣು ತೆಗೆದು, ರೊಟ್ಟಿ ತಟ್ಟುವ ಕೈಯಿಂದ ಸಂದಿಗೆಲ್ಲ ಮೆತ್ತಿದರು. ಒಂದು ಹನಿಯೂ ಬಾರದಂತಾಯಿತು. ಮನೆಗೆ ಬಂದು ಕಾಲು ತೊಳೆದು ಕೂಸನ್ನು ಎತ್ತಿಕೊಂಡರು. ಯಾರಿಗೂ ಏನೂ ಹೇಳಲಿಲ್ಲ. ಮಾಡಿದ ಪುಣ್ಯವನ್ನು ಬಾಯಲ್ಲಿ ಆಡಬಾರದು ನೋಡಿ.

ಬಿಸಿಲು ಏರಿತು. ಬೀದಿಯ ತುದಿಯಿಂದ ಗೌರಕ್ಕನ ದನಿ ಮೊದಲು ಬಂತು, ಗೌರಕ್ಕ ಆಮೇಲೆ ಬಂದಳು. ಗೌರಕ್ಕ ನಮ್ಮ ಊರಿನ ವಿಧವೆ, ಒಬ್ಬಳೇ ದುಡಿದು ಬದುಕುವವಳು. ಆ ಕಿರುಗಾಲುವೆಯ ಕಟ್ಟಕಡೆಯಲ್ಲಿ ಅವಳದೊಂದು ಗದ್ದೆ. ಕಡೆಯವರಿಗೆ ನೀರು ತಲುಪುವುದು ಅವರ ಪಾಳಿಯ ದಿನ ಮಾತ್ರ. ಮೊಳಕೆ ಚೆಲ್ಲಿದ ಮಡಿಯ ಹತ್ತಿರ ಸಲಿಕೆ ಹಿಡಿದು ಬೆಳಗಿನಿಂದ ಕಾದಿದ್ದಾಳೆ, ನೀರು ಬರಲೇ ಇಲ್ಲ.

“ನನ್ನ ಪಾಳಿ ನೀರು ಕದ್ದ ಕೈ ಯಾವುದು ಕಣ್ರಪ್ಪ? ಆ ಕೈಗೆ ಅನ್ನ ಕಲಸಾಕೆ ಬರದಂಗಾಗ್ಲಿ! ಗೌಡ್ರೇ, ಹೊರಗೆ ಬರ್ರಿ, ಇದಕ್ಕೊಂದು ನ್ಯಾಯ ಹೇಳ್ರಿ!”

ನಮ್ಮಪ್ಪ ಊರಿನ ಹಿರಿಯರು; ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ನಾನು ಕಿಟಕಿಯಲ್ಲಿ. ಬಾಣಂತಿ ಗಾಳಿಗೆ ಹೋಗಬಾರದು ಎಂಬುದು ನಮ್ಮವ್ವನ ಶಾಸ್ತ್ರ. ಜಗಳೂರಿನ ಶಾಸ್ತ್ರದಲ್ಲಿ ಹಾಗೇನೂ ಇರಲಿಲ್ಲ, ಆದರೆ ಎಲ್ಲಿದ್ದೇವೋ ಅಲ್ಲಿಯದು. ಅತ್ತೆ ಒಂದು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು ಗೌರಕ್ಕನ ಕೈಗೆ ಕೊಟ್ಟರು. ಅವರ ಕಣ್ಣಿನಲ್ಲಿ ನೀರಾಡುತ್ತಿತ್ತು.

“ಕುಡಿ ತಂಗಿ. ನೀರು ಕದಿಯೋರಿಗಿಂತ ಕಡೆ ಯಾರದಾರವ್ವ? ನಮ್ಮೂರಾಗಾದ್ರೆ ಅಂಥೋರ ಮನ್ಯಾಗೆ ತೊಟ್ಟು ನೀರೂ ಮುಟ್ಟಲ್ಲ.”

“ಕದ್ದು ತಮ್ಮ ಗದ್ದೆಗಾದ್ರೂ ಬಿಟ್ಕಂಡ್ರಾ ಅಂದ್ರೆ ಅದೂ ಇಲ್ಲ ಕಣಕ್ಕ,” ಎಂದಳು ಗೌರಕ್ಕ, ಮಜ್ಜಿಗೆಯ ನಡುವೆ. “ತೂಬಿನ ಹಲಗೆ ಇಳಿಸ್ಯಾರೆ. ಸಂದಿಗೆ ಹಸಿ ಮಣ್ಣು ಮೆತ್ಯಾರೆ, ಹನಿ ಸೋರದಂಗೆ! ಅಂಥಾ ಅಚ್ಚುಕಟ್ಟು ಹೊಟ್ಟೆಕಿಚ್ಚು ನಾ ಎಲ್ಲೂ ಕಂಡಿಲ್ಲ.”

ಅತ್ತೆಯ ಕೈ ಲೋಟಕ್ಕೆ ಚಾಚಿದ್ದು ಹಾಗೇ ನಿಂತಿತು. ಆ ಕೈಯನ್ನು ಅವರೇ ಒಮ್ಮೆ ತಿರುಗಿಸಿ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

“ಮಣ್ಣು ಮೆತ್ತಿದ್ದು ನಾನೇ ಕಣವ್ವ,” ಎಂದರು.

ಮೀಸೆಯಂತೆ ಮೇಲ್ದುಟಿಗೆ ಅಂಟಿದ್ದ ಮಜ್ಜಿಗೆಯನ್ನು ಒರೆಸಿಕೊಳ್ಳುವುದೂ ಗೌರಕ್ಕನಿಗೆ ಮರೆತುಹೋಯಿತು. ಅಪ್ಪ ಕೆಮ್ಮಿದರು. ಬೀಗಿತ್ತಿ, ಮಗಳನ್ನು ಕೊಟ್ಟ ಮನೆಯ ಹಿರಿಯರು, ಅದೂ ತಮ್ಮ ಮನೆಗೆ ಬಂದ ನೆಂಟರು. ಅಪ್ಪನಿಗೆ ಇಂಥ ಪಂಚಾಯ್ತಿ ಜನ್ಮದಲ್ಲಿ ಬಂದಿರಲಿಲ್ಲ.

“ಇರ್ಲಿ ಬಿಡ್ರಿ ಬೀಗ್ತಿಯಮ್ಮ,” ಎಂದರು ಮೆಲ್ಲಗೆ. “ನಿಮಗೇನು ಗೊತ್ತು ಪಾಪ. ನಿಮ್ಮ ಕಡೆ ಅದು ಪುಣ್ಯದ ಕೆಲಸ. ಒಂದೊಂದು ಊರಿಗೆ ಒಂದೊಂದು ನ್ಯಾಯ ಇರ್ತೈತೆ. ಇದನ್ನ ತಪ್ಪು ಅನ್ನಾಕೆ ಬರಲ್ಲ.”

“ಊರಿಗೊಂದು ನ್ಯಾಯ ಸರಿ ಗೌಡ್ರೇ,” ಎಂದಳು ಗೌರಕ್ಕ, ಈಗ ಕೂಗದೆ. “ನನ್ನ ಮಡಿ ಒಣಗಾಕೆ ಯಾವೂರು ನ್ಯಾಯ ಬೇಕು?”

ನಾನು ಕಿಟಕಿಯಲ್ಲೇ ಕೂತಿದ್ದೆ. ಅಪ್ಪನ ಮಾತು ನನಗೆ ಬಹಳ ಹಿಡಿಸಿತ್ತು. ಎಷ್ಟು ದೊಡ್ಡ ಮನಸ್ಸು, ಪುಸ್ತಕದಲ್ಲಿರುವಂತೆಯೇ ಹೇಳಿದರಲ್ಲ ಎಂದು. ಅಪ್ಪನ ಮಾತು ತೆರೆದ ಆ ಬಾಗಿಲಿನಿಂದ ಅತ್ತೆ ನುಸುಳಿ ಪಾರಾಗುತ್ತಾರೆ ಎಂದುಕೊಂಡೆ. ಅವರು ನುಸುಳಲಿಲ್ಲ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬೀಗ್ರೇ, ದಾವಣಗೆರೆ ಸ್ಟ್ಯಾಂಡಿನಾಗೆ ನಾನು ಬಸ್ಸು ಬದಲಾಯಿಸಿ ಬಂದೆ, ಖರೆ. ಪಾಪ ಪುಣ್ಯನೂ ಅಲ್ಲೇ ಇಳಿದು ಬ್ಯಾರೆ ಬಸ್ಸು ಹತ್ತತಾವೇನ್ರಿ? ಈ ಹುಡುಗಿ ಮಡಿ ಒಣಗಿದ್ರೆ ಅದು ಜಗಳೂರಾಗೂ ಒಣಗಿದ್ದೇ, ಇಲ್ಲೂ ಒಣಗಿದ್ದೇ. ಬೀಗ್ತಿ ಅಂತ ನನ್ನ ತಪ್ಪಿಗೆ ಸೀರೆ ಉಡಿಸಬ್ಯಾಡ್ರಿ. ನಾನು ಮಾಡಿದ್ದು ತಪ್ಪು ಅನ್ರಿ. ನಿಮ್ಮೂರಿನ ಹೆಂಗಸಾಗಿದ್ರೆ ಅಂತಿದ್ರೋ ಇಲ್ವೋ?”

ಅಪ್ಪನ ಮುಖದಲ್ಲಿ ಬೈಸಿಕೊಂಡವನ ನಾಚಿಕೆ ಕಾಣಿಸಿತು. ಆಮೇಲೆ ಒಂದು ಥರದ ಗೌರವ.

“ಅಂತಿದ್ದೆ,” ಎಂದರು. “ತಪ್ಪು.”

“ಹಾಂ, ಈಗ ಸರಿ,” ಎಂದು ಅತ್ತೆ ಗೌರಕ್ಕನ ಕಡೆ ತಿರುಗಿದರು. “ತಪ್ಪಾತು ತಂಗಿ. ಆದ್ರೆ ಇನ್ನೊಂದು ಮಾತು. ದಂಡೆ ಒಡೆದು ಅರ್ಧ ನೀರು ಹಳ್ಳಕ್ಕೆ ಹೋಗ್ತಿತ್ತು. ಅದೂ ತಪ್ಪೇ ಮತ್ತೆ.”

“ಯವ್ವಾ! ನೀರು ನಿಲ್ಸಿದ್ದಲ್ದೆ ನನಗೇ ಬುದ್ಧಿ! ಜಗಳೂರಿನೋರು ನೀವು ನೀರು ಕಂಡಿಲ್ಲ, ಬಿಡ್ರಿ.”

“ನೀವು ಕಂಡೀರಿ, ನೋಡಿಲ್ಲ.”

ನೀರು ಹಂಚುವ ನೀರಗಂಟಿ ಹನುಮಂತಣ್ಣನನ್ನು ಕರೆಸಿದರು. ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಪಾಳಿ ದಾಟಿತು ಎಂದ. ನಮ್ಮ ಗದ್ದೆಯ ಪಾಳಿಯನ್ನೇ ಅವಳಿಗೆ ಕೊಡು ಎಂದು ಅಪ್ಪ ಹೇಳಿದರೆ, “ನಿಮ್ಮ ಪಾಳಿ ಬರಾಕೆ ಇನ್ನೂ ದಿನ ಐತೆ ಗೌಡ್ರೇ. ನೀರು ಕೆಳಗಿನೂರಿಗೆ ಹೋತು. ಕರದ್ರೆ ವಾಪಸ್ ಬರಾಕೆ ಅದೇನು ಎಮ್ಮೆನಾ? ಒಬ್ಬರಿಗೆ ಅಂತ ತೂಬು ಎತ್ತಿದ್ರೆ ನಾಳೆ ಊರೆಲ್ಲ ಹಲಗೆ ಹಿಡಕಂಡು ನಿಲ್ತಾರೆ. ಈ ಕಟ್ಟುಪಾಡು ಮಾಡಿದೋರು ನೀವೇ ಅಲ್ಲೇನ್ರಿ?” ಎಂದ. ಅವನು ಹೇಳಿದ್ದೂ ಸರಿಯಿತ್ತು. ಅಂದು ಆ ಕಟ್ಟೆಯ ಮೇಲೆ ತಪ್ಪು ಮಾತಾಡಿದವರು ಒಬ್ಬರೂ ಇರಲಿಲ್ಲ, ಆದರೂ ಮಡಿ ಒಣಗುತ್ತಲೇ ಇತ್ತು. ಇದನ್ನು ನಾನು ಬಿ.ಎ.ಯಲ್ಲಿ ಓದಿರಲಿಲ್ಲ.

“ಪಾಳಿ ತೂಬಿಗೆ ತಾನೇ?” ಎಂದರು ಅತ್ತೆ. “ಕೊಡಕ್ಕೂ ಪಾಳಿ ಐತಾ?”

ಹನುಮಂತಣ್ಣ ತಲೆ ಕೆರೆದುಕೊಂಡ. “ಕೊಡದ ಸುದ್ದಿ ಯಾರೂ ಎತ್ತಿಲ್ಲಮ್ಮ ಇಲ್ಲಿ. ಗದ್ದೆಗೆ ಕೊಡದಾಗೆ ಯಾರು ಹೊರ್ತಾರೆ?”

“ನಮ್ಮ ಕಡೆ ಯಾರದಾದ್ರೂ ಕೊಡ ಚೆಲ್ಲಿದ್ರೆ, ಚೆಲ್ಲಿದೋರು ಹೊತ್ತು ತುಂಬಿಸಬೇಕು,” ಎಂದು ಅತ್ತೆ ಒಳಗೆ ಹೋಗಿ ಹಿತ್ತಾಳೆ ಕೊಡ ತಂದರು. “ಆಳು ಕಳಿಸ್ತೀನಿ, ಬ್ಯಾಡ್ರಿ,” ಎಂದು ಅಪ್ಪ ಎದ್ದರೆ, “ತಪ್ಪು ಆಳು ಮಾಡಿದ್ನಾ?” ಎಂದು ಹೊರಟೇಬಿಟ್ಟರು.

ಆ ಸಂಜೆಯನ್ನು ನಾನು ಹಿತ್ತಲಿನ ಬಾಗಿಲಿನಿಂದ ಕಂಡೆ. ದೂರದಲ್ಲಿ ಕಾಲುವೆಯ ದಂಡೆ, ಅದರ ಮೇಲೆ ಬೆರಳುದ್ದದ ಒಂದು ಆಕೃತಿ, ತಲೆಯ ಮೇಲೆ ಹೊಳೆಯುವ ಕೊಡ. ಹೋಗುತ್ತಿತ್ತು, ಬರುತ್ತಿತ್ತು. ಇಳಿಬಿಸಿಲು ಗದ್ದೆಗಳ ಮೇಲೆ ಬೆಲ್ಲದ ಪಾಕದಂತೆ ಹರಡಿತ್ತು. ತೊಡೆಯ ಮೇಲೆ ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ನೋಡುತ್ತ ನೋಡುತ್ತ ನನಗೆ ಆ ಆಕೃತಿ ಇಲ್ಲಿಯದಲ್ಲ, ಜಗಳೂರಿನ ಬಯಲಿನಲ್ಲೇ ನಡೆಯುತ್ತಿದೆ, ನಡುವೆ ಕಾಲುವೆ ಸುಮ್ಮನೆ ಕನಸಿನಂತೆ ಬಂದು ಸೇರಿಕೊಂಡಿದೆ ಅನ್ನಿಸಿತು. ಊರಿನವರು ದಂಡೆಯ ಮೇಲೆ ಕೂತು ನಗುತ್ತಿದ್ದರು. ನೀರು ತುಂಬಿ ಹರಿಯುವ ಊರಿನಲ್ಲಿ ತಲೆಯ ಮೇಲೆ ನೀರು ಹೊತ್ತು ಗದ್ದೆಗೆ ಹಾಕುವ ಹೆಂಗಸು! ನನಗೆ ಅಳು ಬಂತು. ನಾಚಿಕೆಗೋ ಹೆಮ್ಮೆಗೋ ಇವತ್ತಿಗೂ ತಿಳಿದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ನೋಡಿದರೆ ದಂಡೆಯ ಮೇಲೆ ಕೊಡ ಹೊತ್ತ ಎರಡು ಆಕೃತಿಗಳಿದ್ದವು.

ಅದು ಹೇಗಾಯಿತೆಂದು ಗೌರಕ್ಕನೇ ನನಗೆ ಆಮೇಲೆ ಹೇಳಿದಳು. ಮೊದಮೊದಲು ಅವಳು ಬದುವಿನ ಮೇಲೆ ಕೈಕಟ್ಟಿ ಕೂತು, “ಬರ್ರಿ ಜಗಳೂರಿನ ಗಂಗಮ್ಮ, ಇನ್ನೊಂದು ಕೊಡ ಬರ್ಲಿ,” ಎಂದು ಆಡಿಕೊಂಡಳಂತೆ. “ನಿನ್ನತ್ತಿ ಉತ್ತರನೇ ಕೊಡಲಿಲ್ಲ ಕಣೇ. ಕೊಡ ಇಳಿಸಿ, ಬಾಯಿಗೆ ಅಂಗೈ ಒಡ್ಡಿ, ಮೊಳಕೆ ಕಿತ್ತು ಹೋಗದಂಗೆ ಬಗ್ಗಿಸೋರು. ಕೂಸಿಗೆ ತಲೆ ಮೇಲೆ ನೀರು ಹಾಕ್ತಾರಲ್ಲ, ಹಂಗೆ. ಆಮ್ಯಾಲೆ ದಾರಿ ನೋಡ್ತೀನಿ, ಒಂದು ಹನಿ ಬಿದ್ದ ಗುರುತಿಲ್ಲ! ನಾನೂ ಒಂದು ಕೊಡ ತಗಂಡೆ. ನಾನು ಹೋದ ದಾರಿ ಪೂರ್ತಿ ಒದ್ದೆ. ಅದಕ್ಕೂ ನಿನ್ನತ್ತಿ, ‘ಅರ್ಧ ನೀರು ದಾರಿಗೇ ಕುಡಿಸ್ತೀಯಲ್ಲ ತಂಗಿ’ ಅಂತ ಬೈದ್ರು ನೋಡು!”

ಮಡಿ ಪೂರ್ತಿ ಉಳಿಯಲಿಲ್ಲ, ಸುಳ್ಳೇಕೆ ಹೇಳಲಿ. ನಡುವಿನದು ಉಳಿಯಿತು, ಅಂಚೆಲ್ಲ ಸುಟ್ಟಿತು. ಕಡಿಮೆ ಬಿದ್ದ ಸಸಿಯನ್ನು ಅಪ್ಪ ನಮ್ಮ ಮಡಿಯಿಂದ ಕೊಟ್ಟರು. ಒಡೆದ ದಂಡೆಗೆ ಗೌರಕ್ಕ ತಾನೇ ಮಣ್ಣು ಹಾಕಿದಳು, ಯಾರೂ ಹೇಳದೆ. ನಾವು ಹೊರಟ ದಿನ ಬಸ್ಸಿನವರೆಗೂ ಬಂದು, “ಒಂದ್ಸಲ ನಿಮ್ಮೂರಿಗೆ ಬರ್ತೀನಿ, ನಿಮ್ಮ ಹರವಿ ಖಾಲಿ ಮಾಡಾಕೆ,” ಎಂದು ಅತ್ತೆಯನ್ನು ಹೆದರಿಸಿದಳು.

ಬಸ್ಸು ಸೂಳೆಕೆರೆಯ ಏರಿಯ ಮೇಲೆ ಹೋಗುತ್ತಿತ್ತು. ಒಂದು ಕಡೆ ಕಣ್ಣು ಮುಟ್ಟುವವರೆಗೂ ನೀರು, ನೀರಿನ ಮೇಲೆ ಮೀನುಗಾರರ ಹರಿಗೋಲುಗಳು ಎಳ್ಳು ಚೆಲ್ಲಿದಂತೆ. ಅತ್ತೆ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದರು. ನನ್ನ ಓದಿನ ಬುದ್ಧಿ ಸುಮ್ಮನಿರಬೇಕಲ್ಲ. “ಬೇಜಾರು ಮಾಡ್ಕೋಬ್ಯಾಡ್ರಿ ಅತ್ತೆ. ತಪ್ಪು ಒಪ್ಪು ಅನ್ನೋದು ಒಂದೊಂದು ಕಡೆ ಒಂದೊಂದು ಥರ,” ಎಂದೆ.

ಕೆರೆ ಹಿಂದೆ ಸರಿದ ಮೇಲೆ ಅತ್ತೆ ಹೇಳಿದರು: “ಹಂಗಲ್ಲ ಮಗಳೇ. ಹಲಗೆ ಇಳಿಸೋಕೆ ಮುಂಚೆ ಒಂದ್ಸಲ ಕೂಗಬೇಕಿತ್ತು. ‘ಯಾರದವ್ವ ಈ ನೀರು?’ ಅಂತ. ಕಬ್ಬಿನ ಆಚಿಗೇ ಇದ್ಲಂತೆ ಅವಳು, ಕೇಳಿಸ್ತಿತ್ತು. ನನಗೆ ಕೂಗಬೇಕು ಅನ್ನಿಸಲೇ ಇಲ್ಲ ನೋಡು. ನಾನು ಮಾಡ್ತಿರೋದು ಸರಿ ಅಂತ ಅಷ್ಟು ಗೊತ್ತಿತ್ತು ನನಗೆ.”

ಹೇಳಿದ ಹಾಗೆ ಗೌರಕ್ಕ ಬಂದಳು, ನನ್ನ ಮಗಳ ಜವಳಕ್ಕೆ, ಕೂದಲು ತೆಗೆಸುವ ದಿನ. ಅಂದಿನ ಜಗಳೂರಿನ ಬಿಸಿಲು ನಿಮಗೆ ಹೇಳಬಾರದು. ರಸ್ತೆಯ ತುದಿಯಲ್ಲಿ ನೀರಿನಂಥ ಏನೋ ಕುಣಿಯುತ್ತಿತ್ತು. ಅವಳ ಕಾಲು ಮೊಣಕಾಲಿನವರೆಗೆ ಕೆಂಧೂಳು. ನಾನು ಬಾಗಿಲಲ್ಲಿ ತುಂಬಿದ ಚೊಂಬು ಕೊಟ್ಟೆ. ನಮ್ಮ ಊರಿನಲ್ಲಿ ಒಂದು ಕೊಡ ಸುರಿದುಕೊಂಡು ಕಾಲು ತೊಳೆಯುವ ಗೌರಕ್ಕ ಚೊಂಬನ್ನು ನೋಡಿದಳು, ಹಿತ್ತಲಿನ ಹರವಿಯ ಕಡೆ ಒಮ್ಮೆ ಇಣುಕಿದಳು. ಬೆರಳು ಅದ್ದಿ ಎರಡೂ ಪಾದಕ್ಕೆ ಸವರಿಕೊಂಡು, ಇನ್ನೂ ತುಂಬಿದಂತೆಯೇ ಇದ್ದ ಚೊಂಬನ್ನು ನನಗೇ ಹಿಂದಕ್ಕೆ ಕೊಟ್ಟಳು. “ಸಾಕು, ತೊಳಕಂಡೆ,” ಎಂದಳು. ಧೂಳು ಹಾಗೇ ಕೆಸರಾಗಿ ಕಾಲಿಗಂಟಿತ್ತು.

ಅತ್ತೆ ಒಳಗಿನಿಂದ ಬಂದವರು ಇದನ್ನು ನೋಡಿದರು. ನನ್ನ ಕೈಯಿಂದ ಚೊಂಬು ತೆಗೆದುಕೊಂಡರು. ಬಗ್ಗಿ, ಅಷ್ಟೂ ನೀರನ್ನು ಗೌರಕ್ಕನ ಕಾಲಿನ ಮೇಲೆ ನಿಧಾನವಾಗಿ ಸುರಿದರು. ಕೆಂಪು ನೀರು ಅಂಗಳಕ್ಕೆ ಹರಿದು ಹೋಯಿತು, ಯಾವ ಬಳ್ಳಿಯನ್ನೂ ಮುಟ್ಟದೆ, ಎಮ್ಮೆಗೂ ಬಾರದೆ. ನಾನು ಆ ಮನೆಯಲ್ಲಿ ಇದ್ದಷ್ಟು ಕಾಲ ಅವರ ಕೈಯಿಂದ ನೀರು ಹಾಗೆ ನೆಲಕ್ಕೆ ಹೋದದ್ದನ್ನು ಕಂಡಿದ್ದು ಅದೊಂದೇ ಸಲ.

“ಅಯ್ಯೋ, ಪಾಪ ಬರ್ತೈತೆ ಕಣಕ್ಕ ನಿಮಗೆ,” ಎಂದಳು ಗೌರಕ್ಕ, ಕಾಲು ಎಳೆದುಕೊಳ್ಳುತ್ತ.

“ಬರ್ಲಿ ಸುಮ್ನಿರು,” ಎಂದರು ಅತ್ತೆ. “ಇನ್ನೊಂದು ಕಾಲು ತಾ.”

ಈಗ ಇಬ್ಬರೂ ಇಲ್ಲ. ಅವರಿಬ್ಬರಲ್ಲಿ ಯಾರ ನ್ಯಾಯ ದೊಡ್ಡದು ಎಂದು ನೀವು ಕೇಳಿದರೆ ನಾನು ಮತ್ತೆ ಇಬ್ಬರಿಗೂ ಮೊದಲ ಬಹುಮಾನ ಕೊಡುತ್ತೇನೆ. ನ್ಯಾಯ ಊರಿಗೊಂದು ಇರಬಹುದು, ಇಲ್ಲವೇ ಎಲ್ಲ ಊರಿಗೂ ಒಂದೇ ಇರಬಹುದು. ನನಗೆ ಖಚಿತವಾಗಿ ಕಂಡದ್ದು ಇಷ್ಟೇ: ಒದ್ದೆಯಾದ ಎರಡು ಕಾಲು, ಖಾಲಿಯಾದ ಒಂದು ಚೊಂಬು.

ಛತ್ರದ ಬಾಗಿಲಲ್ಲಿ ನಾನು ಇನ್ನೂ ಬಾಟ್ಲಿ ಓರೆ ಹಿಡಿದೇ ನಿಂತಿದ್ದೆ. ನ್ಯಾಮತಿಯ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೊಂದು ನೀತಿಪಾಠ ಶುರುಮಾಡುತ್ತಿದ್ದೆ. ನಿವೃತ್ತಿಯಾದರೂ ನಾಲಿಗೆಗೆ ಪಿರಿಯಡ್ ಮುಗಿದಿಲ್ಲ. ಅಂದು ಬಾಟ್ಲಿಯನ್ನು ನೆಟ್ಟಗೆ ಮಾಡಿದೆ.

“ಹಂಗಾದ್ರೆ ಇದನ್ನ ಎಲ್ಲಿ ಹಾಕ್ಲಿ ಅಕ್ಕ?” ಎಂದು ಕೇಳಿದೆ. “ಚೆಲ್ಲಾಕೆ ಮನಸ್ಸು ಬರಲ್ಲ.”

ಅವರು ಇದನ್ನು ನಿರೀಕ್ಷಿಸಿರಲಿಲ್ಲ. ಸ್ವಲ್ಪ ಯೋಚಿಸಿದರು. ನನ್ನ ಕೈಯಿಂದ ಒಂದು ಬಾಟ್ಲಿ ತೆಗೆದುಕೊಂಡು, ಮುಚ್ಚಳ ತಿರುಗಿಸುತ್ತ, ಅತ್ತ ಇತ್ತ ನೋಡಿದರು. ಇಬ್ಬರೂ ಜರತಾರಿ ಸೀರೆಯಲ್ಲಿ, ಎಂಜಲು ನೀರಿಗೊಂದು ಜಾಗ ಹುಡುಕುತ್ತ ಛತ್ರವನ್ನು ಸುತ್ತಿದೆವು. ಸಿಮೆಂಟು, ಟೈಲ್ಸು, ಮತ್ತೆ ಸಿಮೆಂಟು. ಕೊನೆಗೆ ಹಿಂಭಾಗದಲ್ಲಿ, ಅಡುಗೆಯವರು ಪಾತ್ರೆ ತಿಕ್ಕಲು ಕೂರುವ ಕಡೆ ಹೋಗುವ ದಾರಿಯಲ್ಲಿ, ಒಂದಿಷ್ಟು ಬರಿ ಮಣ್ಣು ಸಿಕ್ಕಿತು. ನಡೆದಾಡುವವರ ಕಾಲಿಗೆ ಧೂಳೇಳುತ್ತಿತ್ತು.

“ಇಲ್ಲಿ ಹಾಕ್ರಿ,” ಎಂದರು ಅವರು. “ನೆಲಕ್ಕೆ ಎಂಜಲಿಲ್ಲ. ಧೂಳಾದ್ರೂ ಕೂರ್ತೈತೆ.”

“ಯಾರದೂ ಅಡ್ಡಿ ಇಲ್ಲವೇನ್ರಪ್ಪ?” ಎಂದು ಅಡುಗೆಯವರ ಕಡೆ ಒಮ್ಮೆ ಕೂಗಿದೆ. ಯಾರೋ, “ಹಾಕ್ರಮ್ಮ, ಪುಣ್ಯ ಬರ್ತೈತೆ,” ಎಂದರು.

ಸುರಿದೆ. ಆ ಮಣ್ಣು ಒಂದು ಕ್ಷಣ ತಡೆದು, ಆಮೇಲೆ ಗಟಗಟನೆ ಕುಡಿಯಿತು. ಆ ವಾಸನೆ ಎದ್ದಿತು, ಜಗಳೂರಿನ ಅಂಗಳದ್ದು, ನಾನು ಮದುವೆಯಾಗಿ ಹೋದ ಮೊದಲ ಬೆಳಗಿನದು. ಕಣ್ಣು ಮುಚ್ಚಿ ನಿಂತೆ. ಏರಿಯ ಮೇಲೆ ಕೊಡ ಹೊತ್ತ ಆಕೃತಿ ಒಂದು ಸಲ ಕಂಡಂತಾಯಿತು.

ಕಣ್ಣು ಬಿಟ್ಟಾಗ ನ್ಯಾಮತಿಯ ಅಕ್ಕ ಪಕ್ಕದಲ್ಲಿರಲಿಲ್ಲ. ಸಿಟ್ಟಾಗಿ ಹೋದರೇನೋ ಎಂದು ಹುಡುಕುತ್ತ ಮೂಲೆ ತಿರುಗಿದರೆ, ಊಟದ ಹಾಲಿನಿಂದ ಎದುರಿಗೇ ಬರುತ್ತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎರಡು ಕಂಕುಳಲ್ಲೂ, ಎರಡು ಕೈಯಲ್ಲೂ ಅರ್ಧರ್ಧ ನೀರಿನ ಬಾಟ್ಲಿಗಳು.

“ನಿಂತು ನೋಡ್ತೀರಲ್ರೀ ಅಕ್ಕ,” ಎಂದರು ಏದುಸಿರು ಬಿಡುತ್ತ. “ಒಂದೆರಡು ಹಿಡಕಳ್ರಿ, ಬೀಳ್ತಾವೆ.”